ಹೊಲಕ್ಕೆ ‘ತಿದ್ದುಪಡಿ’ ಮಾಡುವುದು ಹೇಗೆ?

ಗೆಳೆಯರೇ,

ಎರಡು ಪದ ಬೇಕಾಗಿವೆ. ಕೊಪ್ಪಳ ಕಡೆಯ ಮೆಕ್ಕೆಜೋಳದ ರೈತರಿಗೆಂದು ಬರೆದ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. (ನಮ್ಮಲ್ಲಿ ಗೋವಿನಜೋಳ ಅಂತಲೂ ಅನ್ನುತ್ತಾರೆ, ಮೈಸೂರು ಕಡೆ ಮುಸುಕಿನ ಜೋಳ. ಅದರ ಜಗಳ ಈಗ ಬೇಡ.) ಅದರಲ್ಲಿ ಕೆಟ್ಟ ಮಣ್ಣನ್ನು ಸರಿಪಡಿಸಲು ಹಾಕುವ ಜಿಪ್ಸಂ, ಸುಣ್ಣ ಎಲ್ಲ ಸೇರಿಸಿ ‘ಮಣ್ಣಿನ ತಿದ್ದುಪಡಿಗಳು’ ಎಂದು ಬರೆದಿದ್ದಾರೆ.

ಗಂಗಾವತಿ ಹತ್ತಿರ ಹೊಲ ಇರುವ ಸೋದರಮಾವನಿಗೆ ಓದಿ ಹೇಳಿದೆ. “ತಿದ್ದುಪಡೀನಾ? ಪಹಣ್ಯಾಗ ಮತ್ತೇನು ತಪ್ಪಾಗೇತಿ?” ಎಂದು ಗಾಬರಿಯಾದರು. ತಪ್ಪು ಅವರದಲ್ಲ. ತಿದ್ದುಪಡಿ ಅಂದರೆ ನಮಗೆ ಒಂದೋ ಪಹಣಿಗೆ, ಇಲ್ಲಾ ಕಾಯ್ದೆಗೆ.

ಸುಮ್ನೆ ‘ಗೊಬ್ಬರ’ ಅನ್ನೋಣ ಅಂದರೆ ಅದೂ ಕೂಡುವುದಿಲ್ಲ. ಮಾವನ ಹೊಲದ ಒಂದು ಮೂಲೆ ಸವಳು, ಅಂದರೆ ಸೋಡಿಯಂ ಹೆಚ್ಚಾದ ಮಣ್ಣು. ಅಲ್ಲಿ ನೀರು ಇಂಗುವುದಿಲ್ಲ, ಒಣಗಿದರೆ ಮಣ್ಣು ಹಂಚಿನಷ್ಟು ಗಟ್ಟಿ. ಎಷ್ಟು ಯೂರಿಯಾ ಸುರಿದರೂ ಪೈರು ಮೊಣಕಾಲು ದಾಟುತ್ತಿರಲಿಲ್ಲ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಮಣ್ಣಿಗೆ ಅಂಟಿಕೊಂಡ ಸೋಡಿಯಂ ಬಿಡಿಸುತ್ತದೆ. ನೀರು ನಿಲ್ಲಿಸಿ ಬಸಿದರೆ ಅದು ಕೊಚ್ಚಿ ಹೋಗುತ್ತದೆ, ಮಣ್ಣು ಉದುರಾಗುತ್ತದೆ, ಬೇರು ಇಳಿಯುತ್ತದೆ. ಮಾವ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಗೊಬ್ಬರ ಕಸುವು ಕೊಡ್ತೈತಿ, ಇದು ಹದ ಮಾಡ್ತೈತಿ.”

‘ಹದಪುಡಿ’ ಎಂದು ಬರೆದುಬಿಡಲು ಹೊರಟಿದ್ದೆ. ಆದರೆ ‘ಹೊಲ ಹದಕ್ಕೆ ಬಂದೈತಿ, ಕೂರಿಗಿ ಹೂಡು’ ಅನ್ನುವಾಗ ಹದ ಅಂದರೆ ಬಿತ್ತನೆಗೆ ತಕ್ಕ ತೇವ. ಪುಡಿ ಎರಚಿದರೆ ತೇವ ಬರುತ್ತೆ ಅಂತ ಯಾರಾದರೂ ತಿಳಿದರೆ?

ಎರಡನೆಯದು ‘ಜೈವಿಕ ಗೊಬ್ಬರ’. ಇಲ್ಲಿ ಹೇಳುತ್ತಿರುವುದು ಗಾಳಿಯ ಸಾರಜನಕ ಹಿಡಿದು ಕೊಡುವ ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾ ಮತ್ತು ಮಣ್ಣಿನಲ್ಲಿ ಕರಗದೆ ಕೂತ ರಂಜಕವನ್ನು ಕರಗಿಸುವ ಬ್ಯಾಕ್ಟೀರಿಯಾ. ಓದುವವರಿಗೆ ಮಾತ್ರ ತಿಪ್ಪೆ ಗೊಬ್ಬರವೋ ಸಾವಯವವೋ ಗೊತ್ತಾಗುವುದಿಲ್ಲ. ಹೋದ ವರ್ಷ ಮಾವ ಪೊಟ್ಟಣದ ಮೇಲೆ ‘ಗೊಬ್ಬರ’ ಅಂತ ಕಂಡು, ಡಿಎಪಿ ರಸಗೊಬ್ಬರದ ಜೊತೆ ಕಲಸಿ ಬಿತ್ತಿದ್ದರು. ಹಾಗೆ ಮಾಡಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಬೇಕಿತ್ತು.

ನಾನು ಇದನ್ನು ವಿವರಿಸುತ್ತಿದ್ದಾಗ ಅತ್ತೆ ಅಡುಗೆಮನೆಯಿಂದಲೇ ಅಂದರು: “ಹಂಗಂದ್ರ ಅದು ಹೆಪ್ಪು ಇದ್ದಂಗ. ಕುದಿಯೋ ಹಾಲಿಗೆ ಯಾರರ ಹೆಪ್ಪು ಹಾಕ್ತಾರೇನು?”

ನನಗಂತೂ ಈ ಮಾತು ಬಹಳ ಹಿಡಿಸಿತು. ಜೀವ ಇರುವುದು, ಸ್ವಲ್ಪ ಸಾಕು, ತಾನೇ ಹೆಚ್ಚಿಕೊಳ್ಳುತ್ತದೆ, ಕಾವು ಜಾಸ್ತಿಯಾದರೆ ಕೆಡುತ್ತದೆ. ‘ಜೈವಿಕ’ದಲ್ಲಿ ಇದೊಂದೂ ಇಲ್ಲ, ಅಲ್ವಾ?

‘ಬೀಜಹೆಪ್ಪು’ ಎಂದು ಅಚ್ಚು ಹಾಕಿಸಿದರೆ ಮಂಡ್ಯ, ಶಿವಮೊಗ್ಗದವರಿಗೂ ತಿಳಿಯುತ್ತದೆಯೇ? ಮತ್ತೆ ಸವಳು ಮಣ್ಣಿಗೆ ಹಾಕುವ ಜಿಪ್ಸಂನಂಥದ್ದಕ್ಕೆ ನಿಮ್ಮೂರಲ್ಲಿ ಏನಂತಾರೆ? ಕರಪತ್ರ ಮುಂಗಾರು ಬಿತ್ತನೆಗೆ ಮೊದಲು ಅಚ್ಚಿಗೆ ಹೋಗಬೇಕು. ಅಲ್ಲಿಯವರೆಗೆ ‘ತಿದ್ದುಪಡಿ’ಯನ್ನು ಹೊಡೆದುಹಾಕಿ ಜಾಗ ಖಾಲಿ ಬಿಟ್ಟಿದ್ದೇನೆ.