5 ಮೆಗಾಹರ್ಟ್ಸ್ ಕ್ರಿಸ್ಟಲ್‌ನಲ್ಲಿ ಒಂದೆರಡು ಹರ್ಟ್ಸ್ ವ್ಯತ್ಯಾಸ ನೋಡಲು ಸ್ಪೆಕ್ಟ್ರಮ್ ಅನಲೈಸರ್ ಸಾಕಾ, ಕೌಂಟರ್ ಬೇಕಾ?

ಪಣಂಬೂರು_ಅಲೆ:

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಗಾಳಿಯ ತೇವ ಅಳೆಯುವ ಸೆನ್ಸರ್ ನನ್ನ ವಿಷಯ. 5 ಮೆಗಾಹರ್ಟ್ಸ್ ಕ್ವಾರ್ಟ್ಸ್ ಬಿಲ್ಲೆಯ ಮೇಲೆ ಕೈಟೋಸಾನ್ ತೆಳುವಾಗಿ ಹಚ್ಚುತ್ತೇನೆ. ಅದು ಸಿಗಡಿ ಚಿಪ್ಪಿನಿಂದ ಸಿಗುವ ವಸ್ತು, ಮಲ್ಪೆಯಿಂದ ಚಿಪ್ಪು ತರಿಸಿ ಲ್ಯಾಬಿನಲ್ಲೇ ಮಾಡಿಕೊಂಡದ್ದು. ಪದರ ತೇವ ಹೀರಿದರೆ ತೂಕ ಹೆಚ್ಚುತ್ತದೆ, ಕ್ರಿಸ್ಟಲ್‌ನ ಫ್ರೀಕ್ವೆನ್ಸಿ ಇಳಿಯುತ್ತದೆ. ಆ ಇಳಿತವನ್ನೇ ನಾನು ಅಳೆಯಬೇಕು.

ತೇವಕ್ಕೆ ಉಪ್ಪಿನ ಬಾಟಲಿ ಇಟ್ಟುಕೊಂಡಿದ್ದೇನೆ. ಮುಚ್ಚಿದ ಬಾಟಲಿಯ ತಳದಲ್ಲಿ ಉಪ್ಪಿನ ದಟ್ಟ ದ್ರಾವಣ ಇದ್ದರೆ ಮೇಲಿನ ಗಾಳಿಯ ತೇವ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಒಂದೊಂದು ಉಪ್ಪಿಗೆ ಒಂದೊಂದು ಮಟ್ಟ. ಲಿಥಿಯಂ ಕ್ಲೋರೈಡ್ ಶೇ 11, ಮೆಗ್ನೀಸಿಯಂ ಕ್ಲೋರೈಡ್ ಶೇ 33, ಅಡುಗೆ ಉಪ್ಪು ಶೇ 75, ಪೊಟ್ಯಾಸಿಯಂ ಸಲ್ಫೇಟ್ ಶೇ 97. ಬಾಟಲಿಯಿಂದ ಬಾಟಲಿಗೆ ಬದಲಿಸಿದರೆ ಕೆಲವು ನೂರು ಹರ್ಟ್ಸ್ ಇಳಿಯುತ್ತದೆ, ಅದು ಚೆನ್ನಾಗಿ ಕಾಣುತ್ತದೆ. ಆದರೆ ಸಣ್ಣ ಬದಲಾವಣೆ ಕಾಣುವುದಿಲ್ಲ. ಈಗ ಇರುವುದು ಪಕ್ಕದ ವಿಭಾಗದಿಂದ ತಂದ ಸ್ಪೆಕ್ಟ್ರಮ್ ಅನಲೈಸರ್, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ಗ್ರಾಫ್ ತೋರಿಸುವಂಥದ್ದು. 10 ಕಿಲೋಹರ್ಟ್ಸ್ ಸ್ಪ್ಯಾನ್ (ಪರದೆಯಲ್ಲಿ ಕಾಣುವ ಫ್ರೀಕ್ವೆನ್ಸಿಯ ಅಗಲ) ಇಟ್ಟು ನೋಡಿದರೆ ಪೀಕ್ ಅಲುಗಾಡುವುದೇ ಇಲ್ಲ, ಆಮೇಲೆ ಒಮ್ಮೆಲೇ ಹದಿನೇಳು ಹರ್ಟ್ಸ್ ಹಾರುತ್ತದೆ. ಸೆಕೆಂಡಿಗೆ ಎಷ್ಟು ಕಂಪನ ಅಂತ ಎಣಿಸಿ ಅಂಕಿಯಲ್ಲಿ ತೋರಿಸುವ ಹಳೆಯ ಕೌಂಟರ್ ಒಂದು ಎರಡು ದಿನಕ್ಕೆ ಸಿಕ್ಕಿತ್ತು. ಅದರಲ್ಲಿ ಅಂಕಿ ಚೆನ್ನಾಗಿ ಬಂತು, ಆದರೆ ಸುಮಾರು ಕಾಲು ಗಂಟೆಗೊಮ್ಮೆ 9 ಹರ್ಟ್ಸ್ ಮೇಲೆ ಕೆಳಗೆ ತೂಗಾಡುತ್ತಿತ್ತು, ಬಾಟಲಿ ಮುಟ್ಟದಿದ್ದರೂ.

ಒಂದೇ ಉಪಕರಣ ಕೊಳ್ಳುವಷ್ಟು ದುಡ್ಡಿದೆ. ಅನಲೈಸರ್ ತಗೊಂಡರೆ ಎಲ್ಲರಿಗೂ ಆಗುತ್ತದೆ ಅಂತ ಗೈಡ್ ಹೇಳುತ್ತಾರೆ. ನನಗೆ ಕೌಂಟರ್ ಬೇಕು ಅನಿಸುತ್ತದೆ, ಆದರೆ ಅವರಿಗೆ ಸರಿಯಾದ ಕಾರಣ ಕೊಡಲು ಆಗುತ್ತಿಲ್ಲ. ಆ ತೂಗಾಟ ಯಾಕೆ ಅಂತಲೂ ಗೊತ್ತಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಹಳೇ_ಸೋಲ್ಡರ್:

ಮಾರಾಯ್ರೆ, ಆ ಹದಿನೇಳು ಹರ್ಟ್ಸ್‌ನಲ್ಲೇ ನಿಮ್ಮ ಉತ್ತರ ಇದೆ. ಅನಲೈಸರ್ ಪರದೆಯಲ್ಲಿ 601 ಬಿಂದು ಇದ್ದರೆ, 10 ಕಿಲೋಹರ್ಟ್ಸ್ ಸ್ಪ್ಯಾನ್‌ಗೆ ಬಿಂದುವಿನಿಂದ ಬಿಂದುವಿಗೆ ಸುಮಾರು 17 ಹರ್ಟ್ಸ್. ಪೀಕ್ ಗುರುತಿಸುವ ಮಾರ್ಕರ್ ನಿಲ್ಲುವುದು ಬಿಂದುವಿನ ಮೇಲೆ, ನಡುವೆ ಅಲ್ಲ. ಸ್ಪ್ಯಾನ್ ಕಡಿಮೆ ಮಾಡಿ, ರೆಸಲ್ಯೂಷನ್ ಬ್ಯಾಂಡ್‌ವಿಡ್ತ್ (ಒಂದು ಹೊತ್ತಿಗೆ ನೋಡುವ ಸೀಳಿನ ಅಗಲ) 10 ಹರ್ಟ್ಸ್‌ಗೆ ಇಳಿಸಿ. ಆಗ ಸ್ವೀಪ್, ಅಂದ್ರೆ ಪರದೆಯ ಒಂದು ಸುತ್ತು, ನಿಧಾನವಾಗುತ್ತದೆ, ಅದು ಸಹಜ. ತುಂಬಾ ಅನಲೈಸರ್‌ಗಳಲ್ಲಿ ಮಾರ್ಕರ್ ಕೌಂಟ್ ಅನ್ನುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಪೀಕನ್ನು ನಿಜವಾಗಿ ಎಣಿಸಿ ತೋರಿಸುತ್ತದೆ. ಕೊಳ್ಳುವ ಮೊದಲು ಅದನ್ನೊಮ್ಮೆ ನೋಡಿ.

ಆದರೂ ನಿಮ್ಮ ಕೆಲಸಕ್ಕೆ ಕೌಂಟರೇ ಸರಿ. ಗೈಡ್‌ಗೆ ಈ ಲೆಕ್ಕ ತೋರಿಸಿ. 1959ರಲ್ಲಿ ಸಾವರ್‌ಬ್ರೇ ಕೊಟ್ಟ ಸೂತ್ರದ ಪ್ರಕಾರ 5 ಮೆಗಾಹರ್ಟ್ಸ್ ಕ್ರಿಸ್ಟಲ್‌ನಲ್ಲಿ 1 ಹರ್ಟ್ಸ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು 17.7 ನ್ಯಾನೋಗ್ರಾಂ ತೂಕ ಸೇರಿದೆ ಅಂತ ಅರ್ಥ. ಅನಲೈಸರ್‌ನಲ್ಲಿ ನೀವು ನೋಡುತ್ತಿದ್ದ ಒಂದು ಹೆಜ್ಜೆ ಅಂದ್ರೆ ಸುಮಾರು 300 ನ್ಯಾನೋಗ್ರಾಂ. ಸಾಧಾರಣ ಕೌಂಟರ್ ಒಂದು ಸೆಕೆಂಡ್ ಎಣಿಸಿದರೆ 1 ಹರ್ಟ್ಸ್, ಹತ್ತು ಸೆಕೆಂಡ್ ಎಣಿಸಿದರೆ 0.1 ಹರ್ಟ್ಸ್ ತೋರಿಸುತ್ತದೆ. ಅಲೆಯ ಅವಧಿ ಅಳೆದು ಫ್ರೀಕ್ವೆನ್ಸಿ ಲೆಕ್ಕ ಹಾಕುವ ರೆಸಿಪ್ರೋಕಲ್ ಕೌಂಟರ್ ಆದರೆ ಒಂದು ಸೆಕೆಂಡಿನಲ್ಲೇ ಒಂಬತ್ತು ಹತ್ತು ಅಂಕಿ ಕೊಡುತ್ತದೆ. ಅಂಥದ್ದೇ ನೋಡಿ. ಆದರೆ ಸೂತ್ರ ತೆಳುವಾದ, ಗಟ್ಟಿಯಾದ ಪದರಕ್ಕೆ ಮಾತ್ರ ಅನ್ನುವುದು ನೆನಪಿರಲಿ. ಕೈಟೋಸಾನ್ ಶೇ 97ರಲ್ಲಿ ನೀರು ಕುಡಿದು ಮೆತ್ತಗಾಗುತ್ತದೆ, ಅಲ್ಲಿ ಬರುವ ತೂಕವನ್ನು ಕಣ್ಣುಮುಚ್ಚಿ ನಂಬಬೇಡಿ.

ಅಂಕಿ ಜಾಸ್ತಿ ಕಂಡರೆ ಅಳತೆ ನಿಖರ ಅಂತ ಅಲ್ಲ, ಇಲ್ಲೇ ತುಂಬಾ ಜನ ಎಡವುತ್ತಾರೆ. ಕೌಂಟರ್ ಒಳಗಿನ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಒಂದು ಭಾಗ ಸರಿದರೂ ನಿಮ್ಮ 5 ಮೆಗಾಹರ್ಟ್ಸ್‌ನಲ್ಲಿ 5 ಹರ್ಟ್ಸ್ ತಪ್ಪು. ಉಷ್ಣತೆ ಬದಲಾಗದಂತೆ ಪುಟ್ಟ ಓವನ್ ಒಳಗಿಟ್ಟ ಕ್ರಿಸ್ಟಲ್ ಇರುವ ಮಾಡೆಲ್ ಕೇಳಿ. ಇಲ್ಲವೇ ಹಿಂಬದಿಯ ರೆಫರೆನ್ಸ್ ಇನ್ ಕಿಂಡಿಗೆ ಜಿಪಿಎಸ್‌ನಿಂದ ಹದ್ದುಬಸ್ತಿಗೆ ತಂದ 10 ಮೆಗಾಹರ್ಟ್ಸ್ ಕೊಡಿ. ಪರೀಕ್ಷೆ ಮಾಡಲು ಕೌಂಟರ್‌ನ ರೆಫರೆನ್ಸ್ ಔಟ್ ಅನ್ನು ಅದರ ಇನ್‌ಪುಟ್‌ಗೇ ಹಾಕಬೇಡಿ. ತನ್ನನ್ನು ತಾನೇ ಅಳೆದುಕೊಂಡು 10.000000 ಅಂತ ಚಂದ ತೋರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಅಂಕಿ ನಂಬಿ ಎರಡು ವಾರದ ರೀಡಿಂಗ್ ಬಿಸಾಡಬೇಕಾಯಿತು.

ತೂಗಾಟದ ಬಗ್ಗೆ ಒಂದು ಪ್ರಶ್ನೆ. ನಿಮ್ಮ ಲ್ಯಾಬಿನಲ್ಲಿ ಎಸಿ ಇದೆಯಾ? ಕಂಪ್ರೆಸರ್ ಎಷ್ಟು ನಿಮಿಷಕ್ಕೊಮ್ಮೆ ಶುರುವಾಗುತ್ತದೆ ಅಂತ ಗಡಿಯಾರ ಹಿಡಿದು ನೋಡಿ.

ಪಣಂಬೂರು_ಅಲೆ:

ಸರ್, ಈಗಷ್ಟೇ ನೋಡಿ ಬಂದೆ. ಹದಿನಾಲ್ಕು ನಿಮಿಷಕ್ಕೊಮ್ಮೆ ಸದ್ದು ಬರುತ್ತದೆ! ಆದರೆ ಎಟಿ ಕಟ್ ಕ್ರಿಸ್ಟಲ್ (ನಿರ್ದಿಷ್ಟ ಕೋನದಲ್ಲಿ ಕತ್ತರಿಸಿದ ಕ್ವಾರ್ಟ್ಸ್, ನನ್ನದೂ ಅದೇ) ಕೋಣೆಯ ಉಷ್ಣತೆಯ ಹತ್ತಿರ ಅಷ್ಟಾಗಿ ಬದಲಾಗುವುದಿಲ್ಲ ಅಂತ ಓದಿದ್ದೆ, ಅದಕ್ಕೇ ಎಸಿ ಕಡೆ ಗಮನವೇ ಹೋಗಿರಲಿಲ್ಲ.

ಹಳೇ_ಸೋಲ್ಡರ್:

ಓದಿದ್ದು ಸರಿಯೇ, ಕ್ರಿಸ್ಟಲ್ ಅಷ್ಟಾಗಿ ಬದಲಾಗದು. ಬದಲಾಗುವುದು ತೇವ. ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶೇ 75 ಇದ್ದದ್ದು ಸುಮಾರು ಶೇ 79 ಆಗುತ್ತದೆ. ಉಪ್ಪಿನ ನೀರು ಬಾಟಲಿಯ ತಳದಲ್ಲಿ ಬೆಚ್ಚಗಿದೆ, ಮುಚ್ಚಳಕ್ಕೆ ಅಂಟಿಸಿದ ಕ್ರಿಸ್ಟಲ್‌ಗೆ ಎಸಿ ಗಾಳಿ ಬಡಿಯುತ್ತಿದೆ ಅಂದ್ರೆ ಎರಡೂ ಕಡೆ ಒಂದೇ ತೇವ ಇರುವುದಿಲ್ಲ. ನಿಮ್ಮ ಸೆನ್ಸರ್ ಅದನ್ನು ಸರಿಯಾಗೇ ಹಿಡಿಯುತ್ತಿದೆ, ಅದರ ಮೇಲೆ ಬೇಸರ ಬೇಡ.

ಎರಡು ಕೆಲಸ ಮಾಡಿ. ಮೊದಲು ಏನೂ ಹಚ್ಚದ ಖಾಲಿ ಕ್ರಿಸ್ಟಲ್ ಅನ್ನು ಅದೇ ಬಾಟಲಿಯಲ್ಲಿಟ್ಟು ಒಂದು ಗಂಟೆ ಬರೆದುಕೊಳ್ಳಿ. ಅದೂ 9 ಹರ್ಟ್ಸ್ ತೂಗಾಡಿದರೆ ತಪ್ಪು ಸರ್ಕ್ಯೂಟ್‌ನದ್ದೋ ಕೌಂಟರ್‌ನದ್ದೋ. ಸುಮ್ಮನಿದ್ದರೆ ಪದರದ್ದು. ಎರಡನೆಯದು, ಇಡೀ ಸೆಟಪ್ ಅನ್ನು ಪೆಟ್ಟಿಗೆಯೊಳಗೆ ಇಡಿ. ದಕ್ಕೆಯಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ ಸಾಕು, ತೊಳೆದು ಎರಡು ದಿನ ಬಿಸಿಲಿಗಿಟ್ಟು ಬಳಸಿ. ಆಮೇಲೆ ಬೇಕಾದರೆ ಖಾಲಿ ಕ್ರಿಸ್ಟಲ್ ಮತ್ತು ಹಚ್ಚಿದ ಕ್ರಿಸ್ಟಲ್ ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡು ಸಿಗ್ನಲ್ ಬೆರೆಸುವ ಮಿಕ್ಸರ್ ಸರ್ಕ್ಯೂಟ್‌ನಿಂದ ಫ್ರೀಕ್ವೆನ್ಸಿಯ ವ್ಯತ್ಯಾಸ ಮಾತ್ರ ತೆಗೆದು ಎಣಿಸಿ. ಇಬ್ಬರಿಗೂ ಒಂದೇ ಸೆಕೆ, ಒಂದೇ ಚಳಿ. ಆಗ ಅದು ತಾನಾಗಿ ಕಳೆದುಹೋಗುತ್ತದೆ.

ಮಣ್ಣಪಳ್ಳ_ತಾರೆ:

ನಡುವೆ ಬರುತ್ತಿದ್ದೇನೆ, ಮಣಿಪಾಲದಿಂದ. ಅನಲೈಸರ್ ಕೊಂಡರೆ ಎಲ್ಲರಿಗೂ ಆಗುತ್ತದೆ ಅನ್ನುವುದಕ್ಕೆ ಒಂದು ಮಾತು. ನಾವು ಟೆರೇಸಿನ ಮೇಲೆ ತಗಡಿನ ಹಾರ್ನ್ ಆಂಟೆನಾ ಇಟ್ಟು ಆಕಾಶದ ಹೈಡ್ರೋಜನ್ ಅನಿಲ ಹೊರಸೂಸುವ 1420.4 ಮೆಗಾಹರ್ಟ್ಸ್ ರೇಡಿಯೋ ಗೆರೆ ಹುಡುಕಿದೆವು. ಅಲ್ಲಿ ಒಂದು ಹರ್ಟ್ಸ್ ಯಾರಿಗೂ ಬೇಡ. ಅನಿಲ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆ ಬಂದರೆ ಗೆರೆ ಸರಿಯುವುದೇ 4.7 ಕಿಲೋಹರ್ಟ್ಸ್. ಅಲ್ಲಿ ಬೇಕಾದದ್ದು ಗೆರೆಯ ಆಕಾರ, ಮತ್ತೆ ನಾಯ್ಸ್‌ನೊಳಗೆ (ಬೇಡದ ಹಿನ್ನೆಲೆ ಸಿಗ್ನಲ್) ಮುಳುಗಿದ್ದನ್ನು ಎತ್ತುವ ತಾಳ್ಮೆ. ಆದರೆ ಸ್ವೀಪ್ ಮಾಡುವ ಅನಲೈಸರ್ ಒಂದು ಹೊತ್ತಿಗೆ ಒಂದು ಸಣ್ಣ ಸೀಳನ್ನು ಮಾತ್ರ ನೋಡುತ್ತದೆ, ಉಳಿದ ಸಿಗ್ನಲ್ ಅಷ್ಟೂ ಹೊತ್ತು ವ್ಯರ್ಥ. ಕೊನೆಗೆ ನಮಗೆ ಕೆಲಸ ಮಾಡಿಕೊಟ್ಟದ್ದು ಕೆಲವು ಸಾವಿರ ರೂಪಾಯಿಯ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರೇಡಿಯೋ) ಮತ್ತು ಒಳ್ಳೆಯ ಆಂಪ್ಲಿಫೈಯರ್. ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು 2020ರಲ್ಲಿ ಸರಸ್ ಅನ್ನುವ ಆಂಟೆನಾವನ್ನು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟು ಮೊದಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಹುಡುಕಿದರಲ್ವಾ, ಅವರೂ ಅಂಗಡಿಯ ಅನಲೈಸರ್ ನೆಚ್ಚಿಕೊಳ್ಳಲಿಲ್ಲ, ತಮ್ಮ ಸ್ಪೆಕ್ಟ್ರೋಮೀಟರ್ ಕಟ್ಟಿಕೊಂಡರು.

ಹಾಗಂತ ಅನಲೈಸರ್ ಬೇಡ ಅಂತಲ್ಲ. ನಮ್ಮ ಆಂಪ್ಲಿಫೈಯರ್ ತಾನೇ ಕೂಗುತ್ತಿದೆ, ಅಂದ್ರೆ ತಾನೇ ಸಿಗ್ನಲ್ ಹುಟ್ಟಿಸುತ್ತಿದೆ ಅಂತ ಗೊತ್ತಾದದ್ದು ಅದರಿಂದಲೇ. ಕ್ರಿಸ್ಟಲ್ ಕಂಪಿಸುವಂತೆ ಮಾಡುವ ನಿಮ್ಮ ಆಸಿಲೇಟರ್ ಸರ್ಕ್ಯೂಟನ್ನೂ ಒಮ್ಮೆ ಅದಕ್ಕೆ ಹಾಕಿ ನೋಡಿ. ಪಕ್ಕದಲ್ಲಿ ಬೇರೆ ಪೀಕ್ ಇದ್ದರೆ ಕೌಂಟರ್ ಅದನ್ನು ಹೇಳುವುದಿಲ್ಲ, ತಪ್ಪು ಅಂಕಿಯನ್ನೇ ಧೈರ್ಯವಾಗಿ ತೋರಿಸುತ್ತದೆ. ಹಾಕುವಾಗ ನಡುವೆ ಡಿಸಿ ವೋಲ್ಟೇಜ್ ತಡೆಯುವ ಡಿಸಿ ಬ್ಲಾಕ್, ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಇರಲಿ. ಇನ್‌ಪುಟ್ ಸುಟ್ಟರೆ ರಿಪೇರಿಗೆ ತಿಂಗಳುಗಟ್ಟಲೆ ಕಾಯಬೇಕು. ಇದಕ್ಕೆಲ್ಲ ವರ್ಷಕ್ಕೆ ನಾಲ್ಕು ದಿನ ಎರವಲು ಸಿಕ್ಕರೆ ಸಾಕು. ಕೌಂಟರ್ ನಿಮಗೆ ದಿನವೂ ಬೇಕು.

ಪಣಂಬೂರು_ಅಲೆ:

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಅದೇ ಹಳೆಯ ಕೌಂಟರನ್ನು ಮತ್ತೆ ಕೇಳಿ ತಂದೆ. ಖಾಲಿ ಕ್ರಿಸ್ಟಲ್ ಒಂದು ಗಂಟೆಯಲ್ಲಿ 1 ಹರ್ಟ್ಸ್ ಒಳಗೇ ಇತ್ತು, ಹಾಗಾಗಿ ತೂಗಾಟ ಪದರದ್ದೇ. ಮೀನಿನ ಪೆಟ್ಟಿಗೆಯೊಳಗೆ ಇಟ್ಟ ಮೇಲೆ 9 ಹರ್ಟ್ಸ್ ಇದ್ದದ್ದು 2ಕ್ಕೆ ಇಳಿದಿದೆ. ಹೊರಗೆ ಜೋರು ಮಳೆ, ಗೋಡೆಯೆಲ್ಲ ಒದ್ದೆ, ಒಳಗೆ ಲಿಥಿಯಂ ಕ್ಲೋರೈಡ್ ಬಾಟಲಿಯ ರೀಡಿಂಗ್ ಗೆರೆ ಎಳೆದ ಹಾಗೆ ನಿಂತಿದೆ. ಗೈಡ್ ಗ್ರಾಫ್ ನೋಡಿ ಓವನ್ ರೆಫರೆನ್ಸ್ ಇರುವ ಕೌಂಟರ್‌ಗೆ ಕೊಟೇಷನ್ ತರಿಸಲು ಹೇಳಿದ್ದಾರೆ. ಅನಲೈಸರ್ ವಾಪಸ್ ಕೊಡುವ ಮೊದಲು ಆಸಿಲೇಟರ್ ಹಾಕಿ ನೋಡಿದೆ. 5 ಮೆಗಾಹರ್ಟ್ಸ್ ಎರಡೂ ಪಕ್ಕದಲ್ಲಿ 50 ಹರ್ಟ್ಸ್ ದೂರಕ್ಕೆ ಸಣ್ಣ ಪೀಕ್ ಇದೆ. ಇದು ಪವರ್ ಸಪ್ಲೈನದ್ದೇ ಅಲ್ವಾ? ನಾಳೆ ಬ್ಯಾಟರಿ ಹಾಕಿ ನೋಡುತ್ತೇನೆ.