ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ: ಆಗುತ್ತಾ, ಇಲ್ವಾ?

ಕೇಳಿದವರು:

ಮದುವೆಯಾಗಿ ಮಂಡ್ಯಕ್ಕೆ ಬಂದು ಎರಡು ತಿಂಗಳಾಯಿತು. ಕೆಲಸ ಬೆಂಗಳೂರಿನಲ್ಲಿ, ವಿಧಾನಸೌಧದ ಹತ್ತಿರ. ಇಷ್ಟು ದಿನ ಅರ್ಧ ವಾರ ಅಕ್ಕನ ಮನೆ, ಅರ್ಧ ವಾರ ಇಲ್ಲಿ ಅಂತ ತಳ್ಳಿದೆ. ಮುಂದಿನ ತಿಂಗಳಿಂದ ದಿನಾ ಮಂಡ್ಯದಿಂದಲೇ ಓಡಾಡಬೇಕು. ಆಫೀಸು ಹತ್ತಕ್ಕೆ. ಸೀಟು ಸಿಗುತ್ತಾ? ಪಾಸು ಹೇಗೆ ಮಾಡಿಸೋದು? ಸಂಜೆ ಹೆಂಗಸರು ಒಬ್ಬರೇ ಬರಬಹುದಾ? ನಮ್ಮತ್ತೆ ಬಸ್ಸೇ ಮೇಲು ಅನ್ನುತ್ತಾರೆ. ಓಡಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಒಂಬತ್ತು ವರ್ಷ ಇದೇ ದಾರಿಯಲ್ಲಿ ಓಡಾಡಿದವರು:

ಆಗುತ್ತದೆ. ನಾನು ಮಾಡಿದ್ದೇನೆ, ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳವರೆಗೂ ಮಾಡಿದ್ದೇನೆ. ಆದರೆ ಬರೀ ರೈಲಿನಲ್ಲಿ ಕೂರುವ ಹೊತ್ತನ್ನು ಲೆಕ್ಕ ಹಾಕಿ ತೀರ್ಮಾನ ಮಾಡಬೇಡಿ. ಮನೆಯಿಂದ ಸ್ಟೇಷನ್ ಎಷ್ಟು ದೂರ, ಅದನ್ನು ಮೊದಲು ನೋಡಿ. ನನ್ನ ಮನೆಯಿಂದ ಎಂಟು ನಿಮಿಷದ ನಡಿಗೆ. ಅದಕ್ಕೇ ಒಂಬತ್ತು ವರ್ಷ ನಡೆಯಿತು. ನನ್ನ ಜೊತೆ ಶುರು ಮಾಡಿದ ಹುಡುಗಿಯೊಬ್ಬಳು ಹಳ್ಳಿಯಿಂದ ಸ್ಕೂಟಿಯಲ್ಲಿ ಬಂದು, ಗಾಡಿ ನಿಲ್ಲಿಸಿ, ರೈಲು ಹತ್ತುತ್ತಿದ್ದಳು. ರೈಲಿನಲ್ಲಿ ಅವಳಿಗೆ ಒಂದು ದಿನವೂ ತೊಂದರೆ ಆಗಲಿಲ್ಲ. ಮಳೆಗಾಲದ ರಾತ್ರಿ ಆ ಒಂಬತ್ತು ಕಿಲೋಮೀಟರ್ ವಾಪಸ್ ಹೋಗೋದೇ ಅವಳನ್ನು ಸುಸ್ತು ಮಾಡಿತು. ಏಳೇ ತಿಂಗಳಿಗೆ ಬೆಂಗಳೂರಿನಲ್ಲಿ ಪಿಜಿ ಹುಡುಕಿಕೊಂಡಳು.

ಬೆಂಗಳೂರಿನ ಕಡೆ ನೀವು ಅದೃಷ್ಟವಂತರು. ಸಿಟಿ ಸ್ಟೇಷನ್‌ನಲ್ಲಿ ಇಳಿದರೆ ಅಲ್ಲೇ ಮೆಟ್ರೋ. ನೇರಳೆ ಲೈನು, ಮೂರನೇ ಸ್ಟಾಪು ವಿಧಾನಸೌಧ, ಎಲ್ಲೂ ಬದಲಿಸಬೇಕಾಗಿಲ್ಲ.

ಸೀಟಿನ ವಿಷಯ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಮಂಡ್ಯಕ್ಕೆ ಬರುವ ಹೊತ್ತಿಗೆ ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರದವರಿಂದ ತುಂಬಿರುತ್ತದೆ. ಮಂಡ್ಯದಲ್ಲಿ ಇಳಿಯುವವರೂ ಇದ್ದಾರೆ, ಮೈಸೂರಿನಿಂದ ಬರುವ ಮೇಷ್ಟ್ರುಗಳು, ಸರ್ಕಾರಿ ಆಫೀಸಿನವರು. ಆದರೆ ನೀವು ಹತ್ತುವಷ್ಟರಲ್ಲಿ ಅವರ ಸೀಟು ಅಲ್ಲೇ ನಿಂತಿದ್ದವರ ಪಾಲಾಗಿರುತ್ತದೆ. ಅದಕ್ಕೆ ಬೇಜಾರು ಮಾಡಿಕೊಂಡು ಬಾಗಿಲ ಹತ್ತಿರ ನಿಲ್ಲಬೇಡಿ. ಒಳಗೆ ಹೋಗಿ. ಹೋಗುತ್ತಾ ನಾಲ್ಕು ಜನರನ್ನು "ಎಲ್ಲಿ ಇಳೀತೀರಾ?" ಅಂತ ಕೇಳಿ. ನಾಚಿಕೆ ಬೇಡ, ಆ ಗಾಡಿಯಲ್ಲಿ ಅದು ನಮಸ್ಕಾರ ಇದ್ದ ಹಾಗೆ. ಮದ್ದೂರು, ಚನ್ನಪಟ್ಟಣ ಅಂದವರ ಪಕ್ಕ ನಿಂತುಬಿಡಿ. ರಾಮನಗರ ಆದರೂ ಪರವಾಗಿಲ್ಲ. ಕಪ್ಪು ಕೋಟು ಮಡಚಿ ತೊಡೆಯ ಮೇಲೆ ಇಟ್ಟುಕೊಂಡವರು ರಾಮನಗರದ ಕೋರ್ಟಿನವರು, ಅವರ ಮುಂದೆ ನಿಂತರೆ ಮೋಸ ಇಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮಲಗಿದವರು ಮಾತ್ರ ಕೊನೆಯ ಸ್ಟೇಷನ್‌ವರೆಗೂ ಏಳುವುದಿಲ್ಲ.

ಹೆಂಗಸರ ಬೋಗಿ ಸಾಮಾನ್ಯವಾಗಿ ಗಾಡಿಯ ತುದಿಗೆ ಬರುತ್ತದೆ. ಎಲ್ಲಿ ಬರುತ್ತದೆ ಅಂತ ಪ್ಲಾಟ್‌ಫಾರಂನಲ್ಲೇ ಯಾರನ್ನಾದರೂ ಕೇಳಿ ಅಲ್ಲಿ ನಿಂತಿರಿ. ಗಾಡಿ ಬಂದ ಮೇಲೆ ಚಪ್ಪಲಿ ಕಿತ್ತುಕೊಂಡು ಓಡುವುದು ಬೇಡ.

ಸಂಜೆ ಒಬ್ಬರೇ ಬರಬಹುದಾ ಅಂದಿರಿ. ಮೊದಲ ಹದಿನೈದು ದಿನ ಒಬ್ಬರೇ. ಆಮೇಲೆ ಒಂದು ದಿನ ನೀವು ಕಾಣಲಿಲ್ಲ ಅಂದರೆ "ಯಾಕೆ ಬರಲಿಲ್ಲ, ಹುಷಾರಿಲ್ವಾ?" ಅಂತ ಫೋನು ಬರುತ್ತದೆ. ನಮ್ಮ ಗುಂಪಿನಲ್ಲಿ ಮದ್ದೂರಿನವರೊಬ್ಬರು ಇದ್ದರು. ಅವರೆಕಾಯಿ ಕಾಲ ಬಂತೆಂದರೆ, ಬೆಳಿಗ್ಗೆಯೇ ಕಾಳು ನೆನೆಸಿ ಸ್ಟೀಲ್ ಡಬ್ಬಿಯಲ್ಲಿ ಆಫೀಸಿಗೆ ತರುತ್ತಿದ್ದರು. ಸಂಜೆ ಕೆಂಗೇರಿ ದಾಟಿದ ಕೂಡಲೇ ಡಬ್ಬಿ ಹೊರಗೆ ಬರುತ್ತಿತ್ತು. ನಮಗೆಲ್ಲ ಒಂದೊಂದು ಹಿಡಿ ಹಂಚಿ "ಹಿತುಕ್ರವ್ವ" ಅನ್ನುವರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿದರೆ ಬೇಳೆ ಪುಸಕ್ಕನೆ ಹಾರಿ ಡಬ್ಬಿಗೆ ಬೀಳಬೇಕು. ಗಾಡಿ ಜಗ್ಗಿದರೆ ಎದುರಿನವರ ಕನ್ನಡಕಕ್ಕೆ. ಚನ್ನಪಟ್ಟಣ ಬರುವಷ್ಟರಲ್ಲಿ ಒಂದು ಮನೆಯ ಸಾರಿಗಾಗುವಷ್ಟು ಹಿತಕಿದ ಬೇಳೆ ತಯಾರು. ಮರುದಿನ ಅದೇ ಸಾರು ಸಣ್ಣ ಡಬ್ಬಿಯಲ್ಲಿ ನಮ್ಮ ಜೊತೆ ಬೆಂಗಳೂರಿಗೆ ಬರುತ್ತಿತ್ತು.

ರಾತ್ರಿ ತಡವಾದ ದಿನ ಖಾಲಿ ಬೋಗಿ ಹತ್ತಬೇಡಿ, ಅಷ್ಟೇ. ಸೀಟು ಸಿಗುತ್ತಲ್ಲ ಅಂತ ಆಸೆಯಾಗುತ್ತದೆ. ಜನ ಇರುವ ಕಡೆಯೇ ನಿಂತು ಬನ್ನಿ. 139 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ದೂರು ಕೊಡುವುದಕ್ಕೂ ಅದೇ, ವಿಚಾರಿಸುವುದಕ್ಕೂ ಅದೇ.

ಮೈಸೂರಿನಿಂದ ಓಡಾಡುವವರು:

ಪಾಸಿನ ಬಗ್ಗೆ ನಾನು ಹೇಳುತ್ತೇನೆ, ದಂಡ ಕಟ್ಟಿ ಕಲಿತವನು.

ಸೀಸನ್ ಪಾಸು ಕೊಡುವುದು 150 ಕಿಲೋಮೀಟರ್‌ವರೆಗೆ. ನಮ್ಮ ಮೈಸೂರು 138ರ ಆಸುಪಾಸಿನಲ್ಲಿ ಇದ್ದು ಬಚಾವಾಗಿದೆ. ನಿಮ್ಮದು 93, ಚಿಂತೆಯೇ ಇಲ್ಲ. ತಿಂಗಳ ಪಾಸಿಗಿಂತ ಮೂರು ತಿಂಗಳದ್ದು ಲಾಭ, ತಿಂಗಳ ದರದ 2.7 ಪಟ್ಟು ಮಾತ್ರ. ಆದರೆ ಮೊದಲ ತಿಂಗಳೇ ಅದಕ್ಕೆ ಕೈ ಹಾಕಬೇಡಿ. ಒಮ್ಮೆ ತೆಗೆದುಕೊಂಡ ಪಾಸಿನ ದುಡ್ಡು ವಾಪಸ್ ಬರುವುದಿಲ್ಲ. ನಿಮಗೆ ಒಗ್ಗುತ್ತಾ ಇಲ್ವಾ, ಮೂವತ್ತು ದಿನ ನೋಡಿ.

ಈ ಪಾಸು ಶತಾಬ್ದಿಯಲ್ಲಿ, ವಂದೇ ಭಾರತ್‌ನಲ್ಲಿ ನಡೆಯುವುದಿಲ್ಲ. ರಿಸರ್ವೇಶನ್ ಬೋಗಿಗೂ ಹತ್ತಬಾರದು. ಹೊಸಬರು ಎಡವುವುದು ಸೂಪರ್‌ಫಾಸ್ಟ್‌ನಲ್ಲಿ. ಗಾಡಿ ನಂಬರ್ 12 ಅಥವಾ 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್, ಅದಕ್ಕೆ ಹೆಚ್ಚುವರಿ ದುಡ್ಡು ಕಟ್ಟಿದ ಪಾಸು ಬೇಕು. ಒಡೆಯರ್ ಎಕ್ಸ್‌ಪ್ರೆಸ್ (2022ರವರೆಗೆ ಟಿಪ್ಪು ಎಕ್ಸ್‌ಪ್ರೆಸ್, ನಮ್ಮ ಬಾಯಲ್ಲಿ ಈಗಲೂ ಎರಡೂ ಬರುತ್ತವೆ) ಅಂಥದ್ದು. ಚಾಮುಂಡಿ ಅಲ್ಲ.

ಈಗ ದಂಡದ ಕಥೆ. ಪಾಸು ಫೋನಿನಲ್ಲೇ ಮಾಡಿಸಿದ್ದೆ. ಆಗ ಯುಟಿಎಸ್ ಆ್ಯಪ್, ಈಗ ರೈಲ್‌ಒನ್ ಬಂದಿದೆ. ಒಂದು ಸಂಜೆ ಕ್ರಿಕೆಟ್ ನೋಡುತ್ತಾ ಬಂದು ಬಿಡದಿ ಹತ್ತಿರ ಚಾರ್ಜು ಖಾಲಿ. ಅವತ್ತೇ ಟಿಸಿ ಬರಬೇಕಾ? "ಪಾಸಿದೆ ಸಾರ್, ಫೋನು ಆಫ್ ಆಗಿದೆ" ಅಂದೆ. "ನನ್ನ ಹತ್ರಾನೂ ದುಡ್ಡಿದೆ ಸಾರ್, ಮನೇಲಿದೆ" ಅಂದರು. ಸುತ್ತ ಕೂತವರೆಲ್ಲ ನಕ್ಕರು. 250 ರೂಪಾಯಿ ದಂಡ, ಮೇಲೆ ಟಿಕೆಟ್ ದುಡ್ಡು. ಅವರದ್ದು ತಪ್ಪಿಲ್ಲ. ಅವತ್ತಿನಿಂದ ಕೌಂಟರಿನಲ್ಲಿ ಕಾಗದದ ಪಾಸೇ ಮಾಡಿಸುತ್ತೇನೆ, ಗುರುತಿನ ಚೀಟಿ ಜೊತೆಗೇ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ.

ಬಸ್ಸಿನ ಪರ ಇರುವವರು:

ನಿಮ್ಮತ್ತೆ ಹೇಳಿದ್ದರಲ್ಲಿ ಸತ್ಯ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ, ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಪಾಸು ಯಾಕೆ, ದಂಡ ಯಾಕೆ? ಆಧಾರ್ ತೋರಿಸಿದರೆ ಸಾಕು. ರೈಲು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಬಸ್ಸು ಹಿಂದೆಯೇ ಇನ್ನೊಂದು ಬರುತ್ತದೆ. ಒಂದೇ ಹುಷಾರು: ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರಿನ ನಾನ್‌ಸ್ಟಾಪ್ ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಹತ್ತುವ ಮೊದಲು "ಮಂಡ್ಯ ಒಳಗೆ ಹೋಗುತ್ತಾ?" ಅಂತ ಕಂಡಕ್ಟರನ್ನು ಕೇಳಿ.

ಇದಕ್ಕೆ ಉತ್ತರವಾಗಿ, ಮೊದಲು ಬರೆದವರೇ:

ಬಸ್ಸಿನಲ್ಲಿ ಟಾಯ್ಲೆಟ್ ಇಲ್ಲವಲ್ಲ ಸ್ವಾಮಿ. ರೈಲಿನದ್ದು ಹೇಗಿರುತ್ತೆ ಅಂತ ನನಗೂ ಗೊತ್ತು, ಬೆಳಿಗ್ಗೆ ಪರವಾಗಿಲ್ಲ, ಸಂಜೆ ಮೂಗು ಮುಚ್ಚಿಕೊಂಡೇ ಹೋಗಬೇಕು. ಆದರೂ ಇದೆ. ಕೆಂಗೇರಿಯಿಂದ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಸಿಗ್ನಲ್ ಎಣಿಸುತ್ತಾ ಕೂರುವುದಕ್ಕಿಂತ ರೈಲಿನಲ್ಲಿ ನಿಂತು ಹೋಗುವುದೇ ವಾಸಿ. ಬೇಕಾದರೆ ಬೆಳಿಗ್ಗೆ ರೈಲು, ಸಂಜೆ ತಡವಾದ ದಿನ ಬಸ್ಸು. ನಾನೂ ಕೊನೆಯ ವರ್ಷ ಹಾಗೇ ಮಾಡಿದೆ.

ರಿಟೈರ್ ಆದ ಒಬ್ಬರು:

ತಾಯಿ, ಈಗ ಓಡಾಡುವುದು ಎಷ್ಟೋ ಸಲೀಸು. ನಮ್ಮ ಕಾಲದಲ್ಲಿ ಒಂದೇ ಹಳಿ. ಎದುರಿನ ಗಾಡಿ ಬರುವವರೆಗೆ ಯಾವುದೋ ಸಣ್ಣ ಸ್ಟೇಷನ್‌ನಲ್ಲಿ ಕ್ರಾಸಿಂಗ್‌ಗೆ ನಿಲ್ಲಿಸುವರು. ಹನಕೆರೆಯಲ್ಲಿ, ಶೆಟ್ಟಿಹಳ್ಳಿಯಲ್ಲಿ ಇಳಿದು ಕಾಲಾಡಿಸಿ ಬಂದವರು ನಾವು. ಜೋಡಿ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ, ಅಂದರೆ ಸಿಡಿಮದ್ದು ಇಡುತ್ತಿದ್ದ ಕಟ್ಟಡ, ಅಡ್ಡ ಬಂತು. ಒಡೆಯುವ ಹಾಗಿಲ್ಲ. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಒಮ್ಮೆ ರಜಾದಿನ ಮೈಸೂರಿಗೆ ಹೋಗುವಾಗ ಕಿಟಕಿಯಲ್ಲಿ ನೋಡಿ.

ನನ್ನದು ಒಂದೇ ಬುದ್ಧಿಮಾತು. ಆಫೀಸಿನಲ್ಲಿ ಮೇಲಿನವರಿಗೆ ಮೊದಲ ದಿನವೇ ಹೇಳಿಬಿಡಿ, ನಾನು ಮಂಡ್ಯದಿಂದ ಬರುತ್ತೇನೆ ಅಂತ. ಸ್ಟೇಷನ್ ಒಳಗೆ ಬಿಡದೆ ಹೊರಗಿನ ಸಿಗ್ನಲ್‌ನಲ್ಲಿ, ಅಂದರೆ ಔಟರಿನಲ್ಲಿ, ಗಾಡಿ ನಿಂತ ದಿನ ಸಬೂಬು ಹುಡುಕಬೇಕಾಗಿಲ್ಲ. ಒಮ್ಮೆ ನಾನು ಸಿಟಿ ಸ್ಟೇಷನ್ ಕಣ್ಣಿಗೆ ಕಾಣುತ್ತಿರುವಾಗಲೇ ನಲವತ್ತು ನಿಮಿಷ ಗಾಡಿಯಲ್ಲಿ ಕೂತಿದ್ದೆ. ಅವತ್ತು ಇನ್‌ಸ್ಪೆಕ್ಷನ್. ಕೆಲವರು ಹಳಿಗೆ ಇಳಿದು ನಡೆದುಹೋದರು. ಆ ಕೆಲಸ ಮಾತ್ರ ಯಾವತ್ತೂ ಮಾಡಬೇಡಿ.

ಇನ್ನೊಬ್ಬರು:

ಔಟರ್ ಕಾಟ ಬೇಡ ಅಂದರೆ ಕೆಂಗೇರಿಯಲ್ಲೇ ಇಳಿದು ಮೆಟ್ರೋ ಹಿಡಿಯಬಹುದು, ಅದೂ ನೇರಳೆ ಲೈನೇ. ಸ್ವಲ್ಪ ನಡೆಯಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದ ಮೇಲೆ ದಿನಾ ಹಾಗೆ ಮಾಡಿದರೆ ಪಾಸಿನಲ್ಲಿ ಉಳಿಸಿದ್ದು ಅಲ್ಲಿಗೆ ಹೋಗುತ್ತದೆ. ತುರ್ತಿಗೆ ಮಾತ್ರ.

ತಿಂಡಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಎಂದವರು:

ಮದ್ದೂರು ವಡೆ ಮಾರುವವರು "ಬಿಸಿ ಬಿಸಿ" ಅಂತ ಕೂಗುತ್ತಾರೆ. ಬಿಸಿ ಇರುವುದಿಲ್ಲ. ಮದ್ದೂರು ವಡೆ ಬಿಸಿ ಇರಬೇಕಾಗಿಯೂ ಇಲ್ಲ, ಮುರಿದರೆ ಕಟಕ್ಕನೆ ಸದ್ದು ಬಂದರೆ ಸಾಕು. ಬಗ್ಗಿದರೆ ನಿನ್ನೆಯದು, ವಾಪಸ್ ಕೊಡಿ. ನೀರಿಗೆ ರೈಲ್ ನೀರ್, 2025ರ ಸೆಪ್ಟೆಂಬರಿನಿಂದ ಲೀಟರಿಗೆ 14 ರೂಪಾಯಿ. 20 ಕೇಳಿದರೆ ಬಾಟಲಿ ಮೇಲಿನ ಬೆಲೆ ತೋರಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆ ಕಾಫಿ ಕುಡಿಯಬೇಡಿ, ಅದು ಬರೀ ಬಿಸಿನೀರಿಗೆ ಬಣ್ಣ.

ಕೇಳಿದವರು, ಐದು ವಾರ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ತಿಂಗಳ ಪಾಸು ಮಾಡಿಸಿದೆ, ಕಾಗದದ್ದೇ. ಮೊದಲ ವಾರ ಓಡಾಡಿ ಆಯಿತು. ಮನೆಯಿಂದ ಸ್ಟೇಷನ್‌ಗೆ ಹನ್ನೆರಡು ನಿಮಿಷ, ನಮ್ಮವರು ಬಿಡುತ್ತಾರೆ. ಮೂರು ದಿನ ರಾಮನಗರದಲ್ಲಿ ಸೀಟು ಸಿಕ್ಕಿತು, ಒಂದು ದಿನ ಬಿಡದಿಯಲ್ಲಿ. ಗುರುವಾರ ಹೆಂಗಸರ ಬೋಗಿಯಲ್ಲಿ ಒಬ್ಬರು ಅಜ್ಜಿ "ಬಾರವ್ವ, ಕುಂತ್ಕೋ" ಅಂತ ಮೊಮ್ಮಗುವನ್ನು ತೊಡೆಗೆ ಎತ್ತಿಕೊಂಡು ಜಾಗ ಮಾಡಿಕೊಟ್ಟರು. ಅತ್ತೆಗೆ ಈಗ ಬೆಳಿಗ್ಗೆ ಐದೂವರೆಗೆ ಡಬ್ಬಿ ಕಟ್ಟುವುದೇ ಒಂದು ಹುರುಪು, ಬಸ್ಸಿನ ಮಾತು ಎತ್ತುತ್ತಿಲ್ಲ.

ಕಪ್ಪು ಕೋಟಿನ ಉಪಾಯ ಮಾತ್ರ ಕೈಕೊಟ್ಟಿತು. ಸೋಮವಾರ ನೀವು ಹೇಳಿದಂತೆ ಒಬ್ಬ ಲಾಯರ ಮುಂದೆ ಹೋಗಿ ನಿಂತೆ. ಕೋಟು ಮಡಚಿ ತೊಡೆ ಮೇಲೆ ಇತ್ತು, ಫೈಲೂ ಇತ್ತು. ಎಲ್ಲಿ ಇಳೀತೀರಾ ಅಂತ ಕೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ರಾಮನಗರ ಬಂತು, ಏಳಲಿಲ್ಲ. ಬಿಡದಿ ಬಂತು, ಏಳಲಿಲ್ಲ. ಬೆಂಗಳೂರುವರೆಗೂ ನಿಂತೇ ಬಂದೆ. ಆಮೇಲೆ ನೋಡಿದರೆ ವಿಧಾನಸೌಧ ಮೆಟ್ರೋದಲ್ಲಿ ನನ್ನ ಮುಂದೆಯೇ ಮೆಟ್ಟಿಲು ಹತ್ತುತ್ತಿದ್ದಾರೆ. ಹೈಕೋರ್ಟಿನವರಂತೆ.