‘ಫಾಲ್ಸ್ ಕಲರ್’ಗೆ ‘ಮಾರುಬಣ್ಣ’ ಆದೀತೆ?

ಎಲ್ಲರಿಗೂ ನಮಸ್ಕಾರ.

ಬಡ ದೇಶಗಳ ಬೆಳೆ, ಕಾಡು, ಬರವನ್ನು ಉಪಗ್ರಹ ಚಿತ್ರಗಳಿಂದ ಗಮನಿಸುವ ಬಗೆ ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಉದಾಹರಣೆಗಳೆಲ್ಲ ಆಫ್ರಿಕಾದವು. ಅಲ್ಲಿನ ಕ್ಷಾಮಗಳಿಂದ ಪಾಠ ಕಲಿತು 1985ರಲ್ಲಿ ಶುರುವಾದ ‘ಫ್ಯೂಸ್ ನೆಟ್’ ಎಂಬ ಕ್ಷಾಮ ಮುನ್ಸೂಚನೆಯ ಜಾಲ ಹಸಿರಿನ ಏರಿಳಿತ ನೋಡಿ ಮುನ್ನೆಚ್ಚರಿಕೆ ಕೊಡುವ ಕಥೆ ಇತ್ಯಾದಿ. ಅಲ್ಲಿಯವರೆಗೆ ಸಲೀಸು. ‘ಫಾಲ್ಸ್ ಕಲರ್’ ಬಂದಾಗ ಲೇಖನಿ ನಿಂತಿತು.

ಎಲೆ ನಮ್ಮ ಕಣ್ಣಿಗೆ ಹಸಿರು. ಆದರೆ ಅದು ಹಸಿರಿಗಿಂತ ಹೆಚ್ಚಾಗಿ ಹಿಂದಕ್ಕೆ ಚಿಮ್ಮಿಸುವುದು ನಮಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು. ಆ ಬೆಳಕಿಗೆ ಕೆಂಪು, ಕೆಂಪಿಗೆ ಹಸಿರು, ಹಸಿರಿಗೆ ನೀಲಿ ತೊಡಿಸಿ ಚಿತ್ರ ಮಾಡುತ್ತಾರೆ. ಇದೇ ‘ಫಾಲ್ಸ್ ಕಲರ್’. ಸೊಂಪಾದ ತೋಟ ಕಡುಗೆಂಪಾಗಿ ಕಾಣುತ್ತದೆ.

ಮೊದಲು ‘ಮಿಥ್ಯಾವರ್ಣ’ ಎಂದು ಬರೆದೆ. ಬೇಲೂರಿನ ಹತ್ತಿರ ಕಾಫಿ ತೋಟವಿರುವ ದೊಡ್ಡಪ್ಪನಿಗೆ ಅವರದೇ ತೋಟದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ.

“ಏನ್ಲಾ ಇದು, ಬೆಂಕಿ ಬಿದ್ದಂಗೈತೆ?”

“ಇದು ಮಿಥ್ಯಾವರ್ಣ ದೊಡ್ಡಪ್ಪ. ನಿಜವಾದ ಬಣ್ಣ ಅಲ್ಲ.”

“ಸುಳ್ಳು ಅಂದ್ಮೇಲೆ ನಂಗ್ಯಾಕ್ ತೋರಿಸ್ತೀಯ?”

ಅಂದವರೇ ಕನ್ನಡಕ ಸರಿಮಾಡಿಕೊಂಡು, ಒಂದು ಮೂಲೆಯಲ್ಲಿ ಕೆಂಪು ಮಂಕಾಗಿದ್ದ ಕಡೆ ಬೆರಳಿಟ್ಟರು. “ಇಲ್ಲಿ ಮಾತ್ರ ಮರಗಸಿ ಮಾಡ್ಸಿದ್ದೆ, ಮಳೆಗೆ ಮುಂಚೆ.” ನೆರಳಿನ ಮರಗಳ ಕೊಂಬೆ ಕಡಿಸಿದ್ದ ಜಾಗ ಅದು. ಬಣ್ಣ ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ!

ಆದ್ದರಿಂದ ‘ಮಿಥ್ಯಾ’, ‘ಹುಸಿ’ ಎರಡನ್ನೂ ಕೈಬಿಟ್ಟೆ. ಆಳು ಅವನೇ ಇದ್ದು ಉಡುಪು ಬದಲಾದರೆ ‘ಮಾರುವೇಷ’ ಎನ್ನುತ್ತೇವಲ್ಲ, ಆ ದಾರಿಯಲ್ಲಿ ‘ಮಾರುಬಣ್ಣ’ ಹೇಗೆ? ‘ಬಣ್ಣ ಮಾರುವುದು’ ಎಂಬ ಅರ್ಥ ಇಣುಕುತ್ತದೆಂಬ ಅಳುಕು ನನಗೂ ಇದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಚಿತ್ರ ಎಷ್ಟು ಸೂಕ್ಷ್ಮ ಎಂದು ಹೇಳುವ ‘ರೆಸಲ್ಯೂಷನ್’ಗೆ ಪದವನ್ನೇ ಹುಡುಕಲಿಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ನೆಲದ ಮೇಲೆ ಉದ್ದಗಲ 10 ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ್ದು 30 ಮೀಟರ್, ಸುಮಾರು ಒಂಬತ್ತು ಗುಂಟೆ. ‘ಚುಕ್ಕಿಗೆ ಎಷ್ಟು ಗುಂಟೆ’ ಎಂದು ಬರೆದರೆ ಪಹಣಿ ನೋಡಿ ಬೆಳೆದ ಯಾರಿಗೂ ಅರ್ಥವಾಗುತ್ತದೆ.

(ಹಾಸನದಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ, ಅಲ್ಲಿ ಕೇಳು ಎನ್ನುವವರಿದ್ದಾರೆ. ಅಲ್ಲಿಂದ ನಿಯಂತ್ರಿಸುವುದು ಆಕಾಶದಲ್ಲಿ ಒಂದೇ ಕಡೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳನ್ನು. ಗುಂಟೆ ಲೆಕ್ಕದಲ್ಲಿ ತೋಟ ನೋಡುವವು ಧ್ರುವದಿಂದ ಧ್ರುವಕ್ಕೆ ಸುತ್ತುವ ಬೇರೆ ಜಾತಿಯವು.)

ಇನ್ನೊಂದು ಉಳಿದಿದೆ. ಚಿತ್ರದಲ್ಲಿ ಕಂಡದ್ದನ್ನು ಜಾಗಕ್ಕೆ ಹೋಗಿ ತಾಳೆ ನೋಡುವ ‘ಗ್ರೌಂಡ್ ಟ್ರೂತ್’ಗೆ ‘ನೆಲದ ಸತ್ಯ’ ಎಂದು ಬರೆಯಲು ಮನಸ್ಸು ಬಾರದು. ‘ಸ್ಥಳ ಮಹಜರು’ ಅಂದರೆ ತೀರಾ ಪೊಲೀಸ್ ಠಾಣೆಯ ವಾಸನೆ ಹೊಡೆಯುತ್ತದೆಯೇ?